ತಿಮ್ಮರಾಯಪ್ಪನನ್ನು ಊರಾಚೆ ಹಾಕಿದ್ದು

ಪೊಲೀಸ್ ಇಲಾಖೆಯಿಂದ ನಿವೃತ್ತರಾದ ದೊಡ್ಡ ಸಾಹೇಬರುಗಳು ಬರೆದುಕೊಂಡಿರುವ ಅನುಭವಗಳನ್ನು ನಾನೂ ಒಂದಷ್ಟು ಓದಿದ್ದೇನೆ. ಅವುಗಳಲ್ಲಿ ಒಬ್ಬ ಕಳ್ಳನೂ ತಪ್ಪಿಸಿಕೊಂಡು ಹೋಗಿಲ್ಲ, ಒಬ್ಬ ಸಾಹೇಬರೂ ಜೀಪಿನಲ್ಲಿ ನಿದ್ದೆ ಮಾಡಿಲ್ಲ. ಓದಿ ಮುಗಿಸಿದಾಗ, ನಾನು ಕೆಲಸ ಮಾಡಿದ್ದು ಬೇರೆ ಯಾವುದೋ ಇಲಾಖೆಯಲ್ಲಿ ಇರಬೇಕು ಎಂಬ ಅನುಮಾನ ಬರುತ್ತದೆ. ಹೊಸದಾಗಿ ಖಾಕಿ ಹಾಕುವವರು ಅಂಥವನ್ನು ಓದಿಕೊಂಡು ಬರುತ್ತಾರೆ, ಬಂದು ಸ್ವಲ್ಪ ದಿನಕ್ಕೇ ಪೆಚ್ಚಾಗುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಬೆನ್ನು ತಟ್ಟಿದರು ಎಂಬುದು ಇದರಲ್ಲಿ ಇಲ್ಲ. ಬಡ್ತಿ ಸಿಕ್ಕಿದ್ದೇ ಕಡಿಮೆ, ಬೆನ್ನು ತಟ್ಟಿದವರು ಇನ್ನೂ ಕಡಿಮೆ.

ಆಗ ನಾನು ದಫೇದಾರ. ಈಗಿನವರು ಹೆಡ್ ಕಾನ್‌ಸ್ಟೇಬಲ್ ಎನ್ನುತ್ತಾರೆ. ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿದ್ದ ಒಂದು ಠಾಣೆ, ಹೆಸರು ಬೇಡ. ಐವತ್ತರ ದಶಕ ಮುಗಿದು ಅರವತ್ತರದು ಶುರುವಾಗಿದ್ದ ಕಾಲ. ಸೌತ್ ಎಂಡ್ ದಾಟಿದರೆ ಜಯನಗರದ ಹೊಸ ಬ್ಲಾಕುಗಳು, ಅರ್ಧ ಕಟ್ಟಿ ನಿಲ್ಲಿಸಿದ ಮನೆಗಳು, ಬೇಲಿ ಹಾಕಿದ ಖಾಲಿ ಸೈಟುಗಳು. ಅಲ್ಲಿಂದ ಮುಂದೆ ಕನಕಪುರದ ರಸ್ತೆಯ ಎರಡೂ ಕಡೆ ರಾಗಿ ಹೊಲ, ಸೊಪ್ಪಿನ ಮಡಿ, ಹೂವಿನ ತೋಟ. ಬನಶಂಕರಿ ಗುಡಿಗೆ ಹೋಗುವವರು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ಈಗ ಅದೇ ದಾರಿಯಲ್ಲಿ ಬಸ್ಸಿಗೆ ನೂಕಾಡುವವರಿಗೆ ಹೇಳಿದರೆ ನನ್ನ ಮುಖ ನೋಡಿ ನಗುತ್ತಾರೆ.

ಆ ರಸ್ತೆಯಲ್ಲಿ ಒಂದು ಸುಂಕದ ಕಟ್ಟೆ ಇತ್ತು. ಊರೊಳಗೆ ಬರುವ ಸೌದೆ, ಹುಲ್ಲು, ತರಕಾರಿ ಗಾಡಿಗಳನ್ನು ನಿಲ್ಲಿಸಿ ಸುಂಕ ವಸೂಲಿ ಮಾಡುವ ಜಾಗ. ಅಡ್ಡಕ್ಕೆ ಒಂದು ಬಿದಿರಿನ ಗಳ, ಪಕ್ಕದಲ್ಲಿ ಹೆಂಚಿನ ಗೂಡು, ಒಳಗೆ ಕೋಟು ತೊಟ್ಟ ಗುಮಾಸ್ತ. ನಮ್ಮ ಠಾಣೆಯ ಲೆಕ್ಕದಲ್ಲಿ ಬೆಂಗಳೂರು ನಗರ ಮುಗಿಯುವುದು ಆ ಗಳದ ಹತ್ತಿರ. ಹಾಗೆಂದು ಎಲ್ಲಿ ಬರೆದಿದೆ ಎಂದು ಯಾರೂ ಕೇಳಿರಲಿಲ್ಲ. ನನಗಿಂತ ಹಿಂದಿದ್ದ ದಫೇದಾರ ನನಗೆ ತೋರಿಸಿದ್ದ, ಅವನಿಗೆ ಅವನ ಹಿಂದಿನವನು ತೋರಿಸಿದ್ದ. ಸಾಹೇಬರುಗಳಿಗೆ ನಾವು ತೋರಿಸಿದೆವು.

ಗಡೀಪಾರು ಎಂಬ ಕೆಲಸ ನಡೆಯುತ್ತಿದ್ದದ್ದು ಆ ಗಳದ ಬುಡದಲ್ಲೇ. ಹೆಸರು ಕೇಳಿ ಕೋಳ, ವ್ಯಾನು, ಬಂದೂಕು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಇಂಥವನು ಊರಲ್ಲಿದ್ದರೆ ಜನರಿಗೆ ಅಪಾಯ, ಇಷ್ಟು ಕಾಲ ನಗರದ ಎಲ್ಲೆಯೊಳಗೆ ಕಾಲಿಡಬಾರದು ಎಂದು ದೊಡ್ಡ ಕಚೇರಿಯಿಂದ ಆರ್ಡರು ಬರುತ್ತಿತ್ತು. ನಾನು ಒಬ್ಬ ಪೇದೆಯನ್ನು ಜೊತೆಗೆ ಕರೆದುಕೊಂಡು ಅವನ ಮನೆಗೆ ಹೋಗಿ, ನಡೆಸಿಕೊಂಡು ಬಂದು, ಬಿದಿರಿನ ಗಳದ ಆಚೆ ನಿಲ್ಲಿಸಿ, ದಾರಿಹೋಕರಲ್ಲಿ ಇಬ್ಬರನ್ನು ಸಾಕ್ಷಿಗೆ ಕರೆದು, ವಾಪಸು ಬರುತ್ತಿದ್ದೆ. ಗಳದ ಆಚೆ ಸ್ವಲ್ಪ ದೂರದಲ್ಲೇ ಸೋಗೆ ಚಪ್ಪರದ ಒಂದು ಕಾಫಿ ಹೋಟೆಲು. ಗಡೀಪಾರಾದವರೆಲ್ಲ ಅದರ ಬೆಂಚಿನ ಮೇಲೆ ಕೂತಿರುತ್ತಿದ್ದರು. ಜೇಬುಗಳ್ಳರು, ಇಸ್ಪೀಟಿನವರು, ಸಾರಾಯಿ ಕಾಯಿಸುವವರು. ಊರಲ್ಲಿದ್ದಾಗ ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲದವರು ನಮ್ಮ ಪುಣ್ಯದಿಂದ ಅಲ್ಲಿ ನೆಂಟರಾಗಿದ್ದರು.

"ಬನ್ನಿ ದಫೇದಾರ್ರೇ, ಒಂದ್ ಕಾಫಿ ಕುಡ್ಕೊಂಡ್ ಹೋಗಿ," ಎಂದು ಒಬ್ಬ ಜೇಬುಗಳ್ಳ ನನ್ನನ್ನು ಉಪಚಾರ ಮಾಡುತ್ತಿದ್ದ. ನಾನು ಕುಡಿಯುತ್ತಿರಲಿಲ್ಲ, ಅದು ಬೇರೆ ಮಾತು. ನಗರ ಶುದ್ಧವಾಯಿತು ಎಂದು ವರ್ಷದ ವರದಿಯಲ್ಲಿ ಹೋಗುತ್ತಿತ್ತು.

ನಮ್ಮ ಇನ್‌ಸ್ಪೆಕ್ಟರನ್ನು ನಾನು ಮನಸ್ಸಿನಲ್ಲೇ ಇಸ್ತ್ರಿ ಸಾಹೇಬರು ಎಂದು ಕರೆಯುತ್ತಿದ್ದೆ. ಶರ್ಟಿನ ಇಸ್ತ್ರಿ ಮುರಿಯುತ್ತದೆಂದು ಅವರು ಜೀಪಿನಿಂದ ಇಳಿಯುತ್ತಿದ್ದದ್ದೇ ಅಪರೂಪ. ಜಯನಗರದಲ್ಲಿ ಪಿಟೀಲು ಕಲಿಸುತ್ತಿದ್ದ ಗೋವಾದ ಮೇಷ್ಟ್ರೊಬ್ಬರಿದ್ದರು. ಗೋವಾ ಆಗ ಪೋರ್ಚುಗೀಸರ ಕೈಯಲ್ಲಿತ್ತಲ್ಲ, ಆದ್ದರಿಂದ ಆ ಮನುಷ್ಯ ಪರದೇಶಿ, ಪ್ರತಿ ತಿಂಗಳೂ ಠಾಣೆಗೆ ಬಂದು ಸಹಿ ಹಾಕಬೇಕು ಎಂದು ಇಸ್ತ್ರಿ ಸಾಹೇಬರು ತಮ್ಮ ಸ್ವಂತ ಉಮೇದಿನಿಂದ ಹುಕುಂ ಮಾಡಿದರು. ಮೇಷ್ಟ್ರು ಬೂಟಿಗೆ ಪಾಲಿಶ್ ಹಾಕಿಕೊಂಡು ತಪ್ಪದೆ ಬರುತ್ತಿದ್ದರು. ಆಮೇಲೆ ಗೋವಾ ನಮ್ಮದೇ ಆಯಿತು. ಬೀದಿಬೀದಿಯಲ್ಲಿ ಸಿಹಿ ಹಂಚಿದರು, ಇಸ್ತ್ರಿ ಸಾಹೇಬರೂ ತಿಂದರು. ಮುಂದಿನ ತಿಂಗಳು ಮೇಷ್ಟ್ರು ಮತ್ತೆ ಬಂದು ನಿಂತರು.

"ಸಾರ್, ಇವ್ರು ಇನ್ಮೇಲೆ ಬರೋದ್ ಬೇಡ ಅಲ್ವಾ?" ಎಂದೆ.

"ಬೇಡ ಅಂತ ಆರ್ಡರ್ ಬಂದಿದ್ಯಾ?"

"ಬನ್ನಿ ಅಂತಾನೂ ಬಂದಿರ್ಲಿಲ್ಲ ಸಾರ್."

"ಹಾಗಾದ್ರೆ ನಿಲ್ಸೋಕೆ ನಾವ್ಯಾರ್ರೀ?" ಎಂದರು. ಆ ಮೇಷ್ಟ್ರು ಮನೆ ಬದಲಾಯಿಸಿಕೊಂಡು ಮಲ್ಲೇಶ್ವರದ ಕಡೆಗೆ ಹೋಗುವವರೆಗೂ ತಮ್ಮ ದೇಶದಲ್ಲೇ ಪರದೇಶಿಯೆಂದು ಸಹಿ ಹಾಕಿದರು. ನಿಮ್ಮ ಮೇಲಿನವರು ಮೂರ್ಖರಾಗಿರಬಹುದು, ಅದು ಸಹಿಸಬಹುದಾದದ್ದು. ಮೂರ್ಖತನ ಗೊತ್ತಾದ ಮೇಲೂ ಅದನ್ನು ನಿಲ್ಲಿಸುವ ಜವಾಬ್ದಾರಿ ತಮ್ಮದಲ್ಲ ಎನ್ನುತ್ತಾರಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತದೆ.

ಈಗ ತಿಮ್ಮರಾಯಪ್ಪನ ವಿಷಯ.

ಸುಂಕದ ಕಟ್ಟೆಗೆ ಕೂಗಳತೆಯಲ್ಲಿ, ಊರಿನ ಕಡೆಯ ಮಗ್ಗುಲಲ್ಲಿ, ಅವನ ತೋಟವಿತ್ತು. ಸೊಪ್ಪು, ಬದನೆ, ಬೇಲಿಗುಂಟ ಕನಕಾಂಬರ. ನಡುವೆ ಬಾವಿ, ಬಾವಿಯ ಪಕ್ಕ ಮಣ್ಣಿನ ಗೋಡೆಯ ನಾಡಹೆಂಚಿನ ಮನೆ. ಅಲ್ಲಿದ್ದ ಸಣ್ಣ ಹಳ್ಳಿಯ ಉಳಿದ ಮನೆಗಳೆಲ್ಲ ಒಂದು ಕಡೆ ಒತ್ತಾಗಿದ್ದರೆ ಇವನ ಮನೆ ಮಾತ್ರ ತೋಟದ ನಡುವೆ ಒಂಟಿಯಾಗಿತ್ತು. ಬಡಾವಣೆಗೆ ಜಮೀನು ಹಿಡಿಯುವ ಕಚೇರಿಯವರು ಆ ಕಡೆಗೂ ಬಂದರು. ಹಳ್ಳಿಯ ಮನೆಗಳಿದ್ದ ಜಾಗವನ್ನು ಬಿಟ್ಟರು, ಹೊಲ ತೋಟಗಳನ್ನೆಲ್ಲ ಗುರುತು ಹಾಕಿಕೊಂಡರು. ಅವರ ನಕ್ಷೆಯಲ್ಲಿ ತಿಮ್ಮರಾಯಪ್ಪನ ತೋಟ ಬರೀ ಬಯಲು. ಮನೆಯನ್ನು ಕಾಣಿಸಿರಲೇ ಇಲ್ಲ. ಅಳತೆಯವನು ರಸ್ತೆಯ ಮೇಲೆ ನಿಂತೇ ಅಳತೆ ಮುಗಿಸಿದ್ದ.

ಅವರು ತೋಟದಲ್ಲಿ ನೆಟ್ಟುಹೋದ ಕಲ್ಲುಗಳನ್ನು ತಿಮ್ಮರಾಯಪ್ಪ ಕಿತ್ತ. ಕಿತ್ತು ಎಸೆಯಲಿಲ್ಲ. ಗಾಡಿಗೆ ಹೇರಿಕೊಂಡು ಹೋಗಿ ಆ ಕಚೇರಿಯ ಮೆಟ್ಟಿಲ ಮೇಲೆ ಜೋಡಿಸಿ, "ನಮ್ ತೋಟದಾಗೆ ಬಿಟ್ ಬಂದಿದ್ರಿ ಸ್ವಾಮಿ, ತಕ್ಕೊಳ್ಳಿ," ಎಂದ. ಕಚೇರಿಯ ಗುಮಾಸ್ತರೆಲ್ಲ ಹೊರಗೆ ಬಂದು ನೋಡಿ ನಕ್ಕರಂತೆ. ಆ ನಗುವೇ ಅವನಿಗೆ ಮುಳುವಾಯಿತು. ದೊಡ್ಡವರಿಗೆ ಅವಮಾನವಾಗಿತ್ತು. ಕಲ್ಲು ಕಿತ್ತದ್ದಕ್ಕೆ ಕೇಸು ಹಾಕಿದ್ದರೆ ಕೋರ್ಟಿನಲ್ಲಿ ಮನೆಯ ಮಾತು ಬರುತ್ತಿತ್ತು. ಅದರ ಬದಲು ಪೊಲೀಸರಿಗೆ ದೂರು ಕೊಟ್ಟು ಗಡೀಪಾರು ಮಾಡಿಸಿದರು. ಇವನು ಭಯಂಕರ ಪುಂಡ, ಇವನ ಮೇಲೆ ಸಾಕ್ಷಿ ಹೇಳಲು ಜನ ಹೆದರುತ್ತಾರೆ ಎಂದು ಆರ್ಡರಿನಲ್ಲಿತ್ತು. ಹೆದರಿದ ಜನ ಯಾರು ಎಂದು ನಾನು ಹಳ್ಳಿಯಲ್ಲಿ ವಿಚಾರಿಸಿದೆ. ಅವರನ್ನು ಯಾರೂ ಏನೂ ಕೇಳಿಯೇ ಇರಲಿಲ್ಲ.

ನಾನು ಅವನನ್ನು ಕರೆದೊಯ್ಯಲು ಹೋದಾಗ ಅವನು ಮೂಲಂಗಿ ಕೀಳುತ್ತಿದ್ದ. ಕೈ ತೊಳೆದುಕೊಂಡು ಬಂದು, ಏನೂ ಗಲಾಟೆ ಮಾಡದೆ ಆರ್ಡರನ್ನು ಓದಿಸಿ ಕೇಳಿದ.

"ನಾನ್ ಯಾರ್‌ಗ್ ಹೊಡ್ದೆ ಸ್ವಾಮಿ?"

"ಯಾರಿಗೂ ಹೊಡ್ದಿಲ್ಲ, ನಂಗೊತ್ತು."

"ಮತ್ತೆ?"

ಅಷ್ಟರಲ್ಲಿ ಅವನ ಹೆಂಡತಿ ಮುನಿಯಮ್ಮ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಬಂದಳು. "ದಫೇದಾರಣ್ಣ, ಇವ್ರು ಪುಂಡರಾ? ಮನೇಲಿ ಇಲಿ ಬಂದ್ರೂ ನಾನೇ ಹೊಡೀಬೇಕು. ಆ ನಿಮ್ ಸಾಹೇಬ್ರನ್ನ ಕರ್ಕೊಂಡ್ ಬನ್ನಿ, ನಾನ್ ಮಾತಾಡ್ತೀನಿ," ಎಂದಳು. ಸಾಹೇಬರು ರಸ್ತೆಯಲ್ಲಿ ಜೀಪಿನೊಳಗೇ ಇದ್ದರು. ಇವಳ ದನಿ ಕೇಳಿ ಜೀಪು ಸ್ವಲ್ಪ ಮುಂದೆ ಹೋಗಿ ನಿಂತಿತು.

ಗಳದ ಆಚೆ ನಾಲ್ಕಾರು ಮನೆಗಳ ಒಂದು ದೊಡ್ಡಿ ಇತ್ತು. ತಿಮ್ಮರಾಯಪ್ಪನ ಅಕ್ಕನನ್ನು ಅಲ್ಲಿಗೆ ಕೊಟ್ಟಿದ್ದರು. ಅವನು ಅಕ್ಕನ ಮನೆಯ ಜಗಲಿ ಸೇರಿಕೊಂಡ. ಕಾಫಿ ಹೋಟೆಲಿನ ಬೆಂಚಿಗೆ ಒಂದು ದಿನವೂ ಹೋಗಲಿಲ್ಲ. ಬೆಳಿಗ್ಗೆ ಎದ್ದರೆ ಬಿದಿರಿನ ಗಳಕ್ಕೆ ಒರಗಿಕೊಂಡು ನಿಂತು ತೋಟದ ಕಡೆಗೆ ಕೂಗುತ್ತಿದ್ದ. "ಮುನಿಯಮ್ಮಾ, ಬದನೆ ಮಡಿಗೆ ನೀರ್ ಬಿಟ್ಯಾ? ಕೊತ್ತಂಬ್ರಿ ಇವತ್ತೇ ಕೀಳ್ಬೇಡ, ನಾಳೀಕ್ ಬಿಡು." ಅವಳು ಅಲ್ಲಿಂದ ತಿರುಗಿ ಕೂಗುತ್ತಿದ್ದಳು. ಆ ರಸ್ತೆಯಲ್ಲಿ ಹೋಗುವವರಿಗೆಲ್ಲ ಅವರ ತೋಟದಲ್ಲಿ ಯಾವ ಮಡಿಗೆ ಏನಾಗಿದೆ ಎಂಬುದು ಬಾಯಿಪಾಠವಾಗಿತ್ತು. ಸುಂಕದ ಗುಮಾಸ್ತ ಕಿವಿ ಮುಚ್ಚಿಕೊಂಡು ಲೆಕ್ಕ ಬರೆಯುತ್ತಿದ್ದ. ನಮ್ಮ ಪೇದೆಗಳು ನಗುತ್ತಿದ್ದರು. ನಾನೂ ಮೊದಮೊದಲು ನಕ್ಕೆ.

ಆಮೇಲೆ ಜಮೀನಿನ ನೋಟೀಸು ಬಂತು. ತಕರಾರಿದ್ದವರು ಇಂಥ ದಿನ ಜಮೀನು ಹಿಡಿಯುವ ಕಚೇರಿಗೆ ಖುದ್ದಾಗಿ ಬಂದು ಹೇಳಿಕೊಳ್ಳಬೇಕು, ಬಾರದಿದ್ದರೆ ತಕರಾರಿಲ್ಲ ಎಂದೇ ಲೆಕ್ಕ. ತಿಮ್ಮರಾಯಪ್ಪ ಅಲ್ಲಿ ಹೋಗಿ, ನನ್ನ ತೋಟ ಬಯಲಲ್ಲ, ಅದರಲ್ಲಿ ನಾವು ಬಾಳುವ ಮನೆ ಇದೆ, ಬಂದು ನೋಡಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹಳ್ಳಿಯ ಉಳಿದ ಮನೆಗಳನ್ನು ಬಿಟ್ಟ ಹಾಗೆ ಅದನ್ನೂ ಬಿಡಬೇಕಾಗುತ್ತಿತ್ತು. ಹೇಳದಿದ್ದರೆ ಮನೆ ಹೋಯಿತು. ಆದರೆ ಆ ಕಚೇರಿ ಇದ್ದದ್ದು ಊರೊಳಗೆ. ಅವನು ಗಳ ದಾಟಿದರೆ ನಾವು ಹಿಡಿಯಬೇಕು.

ಒಂದು ದಿನದ ಮಟ್ಟಿಗೆ ಒಳಗೆ ಬರಲು ಪರ್ಮಿಷನ್ ಕೊಡುವುದಕ್ಕೆ ಕಾಯಿದೆಯಲ್ಲಿ ಅವಕಾಶವಿತ್ತು. ನಾನು ಇಸ್ತ್ರಿ ಸಾಹೇಬರಿಗೆ ಹೇಳಿದೆ.

"ಕೊಡೋಣ, ಅದಕ್ಕೇನು? ಅರ್ಜಿ ಕೊಡ್ಲಿ," ಎಂದರು.

"ಕೊಟ್ಟಿದಾನೆ ಸಾರ್, ನಾನೇ ತಂದಿದೀನಿ."

"ನೀವು ತಂದ್ರೆ ಆಗಲ್ಲ ರೀ. ದೊಡ್ಡ ಸಾಹೇಬ್ರ ಆಫೀಸಿಗೆ ಅವನೇ ಬಂದು ಕೊಡಬೇಕು."

"ಅವ್ರ ಆಫೀಸು ಊರೊಳಗಿದೆ ಸಾರ್. ಅವನು ಒಳಗೆ ಬರಂಗಿಲ್ಲ."

"ಹೌದಲ್ಲ, ಬಂದ್ರೆ ಹಿಡೀಬೇಕಾಗುತ್ತೆ," ಎಂದು ಅವರು ನಿಜವಾಗಿಯೂ ತಲೆದೂಗಿದರು. ಆ ಮುಖದಲ್ಲಿ ಕುಹಕವಿರಲಿಲ್ಲ. ಕುಹಕವಾಗಿದ್ದರೆ ನಾನು ಅವರನ್ನು ಇನ್ನೂ ಸ್ವಲ್ಪ ಗೌರವಿಸುತ್ತಿದ್ದೆ.

ವಿಚಾರಣೆಯ ದಿನಕ್ಕೆ ಇನ್ನೂ ಸ್ವಲ್ಪ ಸಮಯವಿತ್ತು. ಅಷ್ಟರಲ್ಲಿ ಸುಂಕದವರು ಇನ್ನೊಂದು ಘನಕಾರ್ಯ ಮಾಡಿದರು. ಸೌದೆ ಗಾಡಿಯವರು ದೊಡ್ಡಿಯ ಪಕ್ಕದ ಬಂಡಿಜಾಡಿನಲ್ಲಿ ತಿರುಗಿ, ಕಟ್ಟೆಯನ್ನು ತಪ್ಪಿಸಿಕೊಂಡು ಊರು ಸೇರುತ್ತಿದ್ದರು. ಅದನ್ನು ತಡೆಯುವುದಕ್ಕೆ ಸುಂಕದವರು ಒಂದು ಬೆಳಿಗ್ಗೆ ಗಳ, ಕಂಬ, ಕುರ್ಚಿ ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಹೋಗಿ ಇನ್ನೂ ದಕ್ಷಿಣಕ್ಕೆ, ದೊಡ್ಡಿಯನ್ನು ದಾಟಿ, ಆ ಜಾಡು ರಸ್ತೆಗೆ ಸೇರುವ ಕಡೆ ನೆಟ್ಟುಕೊಂಡರು. ಕಾಫಿ ಹೋಟೆಲಿನ ಬೆಂಚಿನ ಮೇಲಿದ್ದ ಜೇಬುಗಳ್ಳರು ನೋಡಿದರು. ಅವರು ಲೋಕ ಕಂಡವರು. ಮಧ್ಯಾಹ್ನದ ಹೊತ್ತಿಗೆ ಬೆಂಚೂ ಹೋಟೆಲೂ ಹೊಸ ಕಟ್ಟೆಯ ಆಚೆಗೆ ಹೋಗಿದ್ದವು. ತಿಮ್ಮರಾಯಪ್ಪನಿಗೆ ಮಾತ್ರ ಏನೂ ಅನ್ನಿಸಲಿಲ್ಲ. ಅವನು ಅಕ್ಕನ ಮನೆಯ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದ.

ಇಸ್ತ್ರಿ ಸಾಹೇಬರು ಹೊಸ ಕಟ್ಟೆ ನೋಡಲು ಜೀಪಿನಲ್ಲಿ ಹೊರಟರು. ನಾನು ಹಿಂದೆ ಕೂತಿದ್ದೆ. ದೊಡ್ಡಿ ಹತ್ತಿರ ಬಂದಾಗ ಅವರು ಜೀಪು ನಿಲ್ಲಿಸಿದರು.

"ಅದು ತಿಮ್ಮರಾಯಪ್ಪ ಅಲ್ವೇನ್ರೀ?"

"ಹೌದು ಸಾರ್."

"ಇಲ್ಲೇನ್ ಮಾಡ್ತಿದಾನೆ?"

"ಅವನ ಅಕ್ಕನ ಮನೆ ಸಾರ್. ನಾವೇ ತಂದು ಬಿಟ್ಟಿದ್ದು."

"ಕಟ್ಟೆ ಇನ್ನೂ ಮುಂದಿದೆ. ಇದು ಒಳಗಾಯ್ತು. ಹಿಡ್ಕೊಳ್ಳಿ."

"ಸಾರ್, ಅವನು ಕೂತ ಕಡೆಯಿಂದ ಎದ್ದಿಲ್ಲ. ಕಟ್ಟೇನೇ ಎದ್ದು ಹೋಗಿದೆ."

"ದಫೇದಾರ್, ಕಾಯಿದೆ ನಂಗ್ ಹೇಳ್ಕೊಡ್ಬೇಡಿ. ನಗರದೊಳಗೆ ಇದಾನೋ ಇಲ್ವೋ?"

ತಿಮ್ಮರಾಯಪ್ಪ ಸುಲಿದ ಅವರೆಕಾಳಿನ ಮೊರವನ್ನು ಅಕ್ಕನ ಕೈಗೆ ಕೊಟ್ಟು ಎದ್ದು ಬಂದ. "ಈಗ ಯಾವ್ ಕಡೀಕ್ ಸ್ವಾಮಿ?" ಎಂದು ಕೇಳಿದ. ಲಾಕಪ್ಪಿನ ಕಡೆಗೆ ಎಂದೆ. "ಅದು ಊರೊಳಗೇ ಐತಲ್ಲಾ?" ಎಂದ. ಜೀಪಿನ ಡ್ರೈವರ್ ಮುಖ ತಿರುಗಿಸಿಕೊಂಡು ನಕ್ಕ. ನನಗೆ ನಗು ಬರಲಿಲ್ಲ, ಸಿಟ್ಟು ಬಂತು.

ಲಾಕಪ್ಪಿನಿಂದ ಅವನು ಜೈಲಿಗೆ ಹೋದ. ಸಾಕ್ಷಿಗಳು ಸಿದ್ಧರಿಲ್ಲ ಎಂದು ಇಸ್ತ್ರಿ ಸಾಹೇಬರು ವಾಯಿದೆ ಕೇಳುತ್ತಲೇ ಇದ್ದರು. ಜಮೀನಿನ ವಿಚಾರಣೆಯ ದಿನ ಬಂದಾಗ ಅವನು ಒಳಗೆ ಇದ್ದ. ಮುನಿಯಮ್ಮನನ್ನು ಕರೆದುಕೊಂಡು ನಾನೇ ಆ ಕಚೇರಿಗೆ ಹೋದೆ, ಯೂನಿಫಾರ್ಮ್ ಹಾಕಿಕೊಂಡೇ ಹೋದೆ. ಖಾಕಿ ನೋಡಿದರೆ ಒಂದು ಮಾತು ಕೇಳಿಯಾರು ಎಂದು ಆಸೆ.

"ಖಾತೆದಾರರು ಎಲ್ಲಿ?" ಎಂದರು ಅಲ್ಲಿನ ಅಧಿಕಾರಿ.

"ಜೈಲಲ್ಲಿದಾರೆ ಸಾರ್. ಇವ್ರು ಅವರ ಹೆಂಡ್ತಿ. ಇವ್ರು ಹೇಳ್ತಾರೆ."

"ಹೆಂಡ್ತಿ ಹೆಸರಲ್ಲಿ ಖಾತೆ ಇಲ್ವಲ್ಲ."

"ಖಾತೆದಾರ ಬರದ ಹಾಗೆ ಗಡೀಪಾರು ಮಾಡಿಸಿದ್ದು ತಮ್ಮ ಆಫೀಸಿನ ದೂರಿನ ಮೇಲೇ ಸಾರ್."

"ಅದು ಪೊಲೀಸ್ ಇಲಾಖೆ ವಿಷಯ. ನಮಗೂ ಅದಕ್ಕೂ ಸಂಬಂಧ ಇಲ್ಲ."

"ಪೊಲೀಸ್ ಇಲಾಖೆಯಿಂದಲೇ ಬಂದಿದೀನಿ ಸಾರ್."

"ಹಾಗಾದ್ರೆ ನಿಮ್ಮಲ್ಲೇ ಕೇಳ್ಕೊಳ್ಳಿ," ಎಂದು ಅವರು ಮುಂದಿನವರನ್ನು ಕರೆದರು. ಮುನಿಯಮ್ಮ ಅಲ್ಲೇ ನಿಂತು, "ಮನೆ ಐತೆ ಸ್ವಾಮಿ, ಬಾಗ್ಲೈತೆ, ಒಲೆ ಐತೆ, ಇಲ್ಲೇ ಐತೆ, ನಡೀರಿ ತೋರಿಸ್ತೀನಿ," ಎನ್ನುತ್ತಲೇ ಇದ್ದಳು. ಜವಾನ ಬಂದು ಆಚೆ ಹೋಗಮ್ಮ ಎಂದ. ಹೊರಗೆ ಬಂದ ಮೇಲೆ ಅವಳು ನನ್ನನ್ನು ಬಯ್ಯಲಿಲ್ಲ, ಅಳಲೂ ಇಲ್ಲ. "ಬದನೆಗೆ ನೀರ್ ಬಿಡ್ಬೇಕು, ಹೋಗಾನಾ ಅಣ್ಣ," ಎಂದಳು. ಬಯ್ದಿದ್ದರೆ ನನಗೆ ಎಷ್ಟೋ ವಾಸಿಯಾಗಿತ್ತು.

ಕೊನೆಗೆ ಕೇಸು ಬಂದದ್ದು ಎಲೆಅಡಿಕೆ ಹಾಕುತ್ತಿದ್ದ ಒಬ್ಬ ವಯಸ್ಸಾದ ಮ್ಯಾಜಿಸ್ಟ್ರೇಟರ ಮುಂದೆ. ಅವರು ಕಾಗದಗಳನ್ನು ಮಗುಚಿ ಹಾಕಿ ಇಸ್ತ್ರಿ ಸಾಹೇಬರನ್ನು ನೋಡಿದರು.

"ಏನ್ರೀ, ನಗರ ಎಲ್ಲಿಗೆ ಮುಗಿಯುತ್ತೆ?"

"ಸುಂಕದ ಕಟ್ಟೆ ಹತ್ರ ಸ್ವಾಮಿ."

"ಈಗಿರೋ ಕಟ್ಟೆಯೋ, ಮೊದಲಿದ್ದ ಕಟ್ಟೆಯೋ?"

"ಈಗಿರೋದು ಸ್ವಾಮಿ."

"ಇವನನ್ನ ಆಚೆ ಬಿಟ್ಟಾಗ?"

"ಆಗ ಮೊದಲಿದ್ದದ್ದು."

"ಹಾಗಾದ್ರೆ ಇವನು ಒಳಗೆ ಬಂದಿದ್ದು ಯಾವತ್ತು?"

ಇಸ್ತ್ರಿ ಸಾಹೇಬರು ಬೆವರಿದರು. ಅವರ ಶರ್ಟು ಬೆನ್ನಿಗೆ ಅಂಟಿಕೊಂಡದ್ದನ್ನು ನಾನು ಕಂಡಿದ್ದು ಅದೊಂದೇ ಸಲ. "ಬಹಳ ಕಾಲದಿಂದ ಹಾಗೇ ರೂಢಿ ಸ್ವಾಮಿ," ಎಂದರು.

ಮ್ಯಾಜಿಸ್ಟ್ರೇಟರು ಸುಂಕದ ಗುಮಾಸ್ತನನ್ನು ಕರೆಸಿ ಕೇಳಿದರು. ಆತ, ಕಟ್ಟೆಗೂ ನಗರದ ಎಲ್ಲೆಗೂ ಸಂಬಂಧವಿಲ್ಲ, ಗಾಡಿ ತಪ್ಪಿಸಿಕೊಳ್ಳದ ಕಡೆ ಹಾಕಿಕೊಳ್ಳುತ್ತೇವೆ ಎಂದ. ಹಳೆಯ ಕಟ್ಟೆಯನ್ನು ಹಾಕಿದ್ದೂ ಹಾಗೆಯೇ ಎಂದ. ಆಮೇಲೆ ನಗರದ ನಕ್ಷೆ ತರಿಸಿದರು. ನಾನು ಇಲಾಖೆಗೆ ಸೇರಿದ ಮೇಲೆ ಆ ನಕ್ಷೆಯನ್ನು ನೋಡಿದ್ದು ಅವತ್ತೇ ಮೊದಲು. ಇಸ್ತ್ರಿ ಸಾಹೇಬರೂ ಅಷ್ಟೇ. ಮ್ಯಾಜಿಸ್ಟ್ರೇಟರು ಕನ್ನಡಕ ಏರಿಸಿಕೊಂಡು ಬೆರಳಿಟ್ಟು ನೋಡುತ್ತಾ ಹೋದರು, ನೋಡುತ್ತಾ ಅಗಿಯುವುದನ್ನು ನಿಲ್ಲಿಸಿದರು.

ನಗರದ ಎಲ್ಲೆ ತಿಮ್ಮರಾಯಪ್ಪನ ತೋಟಕ್ಕಿಂತ ಈಚೆಗೇ, ಜಯನಗರದ ಕಡೆಗೇ ಮುಗಿದಿತ್ತು. ಅವನ ತೋಟ ಎಲ್ಲೆಯ ಹೊರಗಿತ್ತು. ಬಾವಿ ಹೊರಗಿತ್ತು. ಮನೆ ಹೊರಗಿತ್ತು. ನಗರದೊಳಗೆ ಇರಬಾರದೆಂದು ನಾವು ಅವನನ್ನು ಯಾವ ಮನೆಯಿಂದ ಎಬ್ಬಿಸಿದೆವೋ ಆ ಮನೆ ಯಾವತ್ತೂ ನಗರದೊಳಗೆ ಇರಲೇ ಇಲ್ಲ. ಅವನು ಇಷ್ಟು ಕಾಲವೂ ತನ್ನ ಮನೆಯಲ್ಲೇ ಉಂಡು ಮಲಗಬಹುದಿತ್ತು. ಗಳಕ್ಕೆ ಒರಗಿಕೊಂಡು ಕೂಗುವ ಅಗತ್ಯವೇ ಇರಲಿಲ್ಲ. ಮ್ಯಾಜಿಸ್ಟ್ರೇಟರು ಅದನ್ನೆಲ್ಲ ಅವನಿಗೆ ನಿಧಾನವಾಗಿ ತಿಳಿಸಿ ಹೇಳಿದರು. ಅವನು ಕೈ ಮುಗಿದುಕೊಂಡೇ ಕೇಳಿ, "ಅಂಗಾರೆ ನಾನೀಗ ಮನೀಗ್ ಹೋಗ್ಬೋದಾ?" ಎಂದ. ಹೋಗು ಎಂದರು ಅವರು.

ಹೋಗಲಿಕ್ಕೆ ಬಿಡಬೇಕಲ್ಲ. ಕೋರ್ಟು ಬಿಟ್ಟದ್ದು ಆ ಒಂದು ಕೇಸಿನಲ್ಲಿ, ಗಡೀಪಾರಿನ ಆರ್ಡರು ರದ್ದಾಗಿಲ್ಲ, ಅದನ್ನು ಹೊರಡಿಸಿದವರೇ ರದ್ದು ಮಾಡಬೇಕು, ಅಲ್ಲಿಯವರೆಗೆ ರೂಢಿಯೇ ರೂಢಿ ಎಂದು ಇಸ್ತ್ರಿ ಸಾಹೇಬರು ಹಟ ಹಿಡಿದರು. ಜೈಲಿನ ಬಾಗಿಲಿನಿಂದ ಅವನನ್ನು ಮತ್ತೆ ನಾನೇ ನಡೆಸಿಕೊಂಡು ಹೋಗಿ ಹೊಸ ಕಟ್ಟೆಯ ಆಚೆ ಬಿಡಬೇಕಾಯಿತು. ಅಲ್ಲಿ ಅಕ್ಕನ ಮನೆಯೂ ಇಲ್ಲ, ಬರೀ ಜೇಬುಗಳ್ಳರ ಬೆಂಚು. ಅಲ್ಲಿಂದ ಕೂಗಿದರೆ ತೋಟಕ್ಕೆ ಕೇಳಿಸುತ್ತಲೂ ಇರಲಿಲ್ಲ.

ಆಮೇಲೆ ಕಾಗದಗಳು ಓಡಾಡಿದವು. ಹೊಣೆ ಯಾರದು ಎಂದು ಮೇಲಿನವರು ಕೇಳಿದರು. ಕೆಳಗಿನವರು ರೂಢಿ ಎಂದರು. ನನಗೂ ಒಂದು ಮೆಮೋ ಬಂತು: ನಗರದ ಎಲ್ಲೆ ತಿಳಿಯದೆ ಒಬ್ಬ ಪ್ರಜೆಯನ್ನು ಹೊರಗೆ ಬಿಟ್ಟದ್ದಕ್ಕೆ ಸಮಜಾಯಿಷಿ ಕೊಡತಕ್ಕದ್ದು. ಎಲ್ಲೆ ತಿಳಿದಿರುವ ಅಧಿಕಾರಿ ಯಾರಾದರೂ ಇದ್ದರೆ ಅವರನ್ನು ನನಗೆ ತೋರಿಸಿಕೊಡಬೇಕು, ಅವರಿಂದ ಕಲಿಯುತ್ತೇನೆ ಎಂದು ಬರೆದುಕೊಟ್ಟೆ. ನನ್ನ ಇನ್‌ಕ್ರಿಮೆಂಟ್ ನಿಂತಿತು. ಇಸ್ತ್ರಿ ಸಾಹೇಬರಿಗೆ ಏನಾಯಿತು ಎಂದು ನೀವು ಕೇಳುತ್ತೀರಿ. ಅವರನ್ನು ಹೊಸದಾಗಿ ಸೇರಿದವರಿಗೆ ಕಾಯಿದೆ ಪಾಠ ಹೇಳಲು ಹಾಕಿದರು. ನಿಮ್ಮಲ್ಲಿ ಕೆಲವರ ತಂದೆಯರು ಅವರ ಹತ್ತಿರವೇ ಕಲಿತಿರಬಹುದು.

ಈ ಕಾಗದಗಳು ಓಡಾಡುತ್ತಿರುವಾಗ ತೋಟದ ಕಡೆ ಗುದ್ದಲಿ ಹಿಡಿದ ಕೂಲಿಯವರು ಬಂದರು. ನಕ್ಷೆಯಲ್ಲಿ ಮನೆ ಇಲ್ಲದ್ದರಿಂದ ಮನೆ ಕೆಡವಲು ಬೇರೆ ನೋಟೀಸು ಕೊಡುವ ಪ್ರಮೇಯವೇ ಬರಲಿಲ್ಲ. ಮುನಿಯಮ್ಮ ಬಾಗಿಲಿಗೆ ಅಡ್ಡ ಕೂತಳು. 'ಬಯಲಿ'ನಿಂದ ಅವಳನ್ನು ಎಬ್ಬಿಸಲು ನಮ್ಮ ಠಾಣೆಯಿಂದಲೇ ಪೇದೆಗಳು ಹೋದರು. ನಾನು ಹೋಗುವುದಿಲ್ಲ ಎಂದೆ, ಬೇರೆ ದಫೇದಾರನನ್ನು ಕಳಿಸಿದರು. ನಾನು ಹೋಗದಿದ್ದರಿಂದ ಏನೂ ನಿಲ್ಲಲಿಲ್ಲ. ಅವಳು ಪಾತ್ರೆಗಳನ್ನು ಒಂದು ಸೀರೆಯಲ್ಲಿ ಗಂಟು ಕಟ್ಟಿಕೊಂಡು ಹೊಸ ಕಟ್ಟೆಯ ಆಚೆ ಗಂಡನ ಹತ್ತಿರ ಹೋದಳು.

ಗಡೀಪಾರು ರದ್ದಾದ ಆರ್ಡರು ಬಂದಾಗ ಠಾಣೆಗೆ ಹೊಸ ಇನ್‌ಸ್ಪೆಕ್ಟರು ಬಂದಿದ್ದರು. ಚಿಕ್ಕ ವಯಸ್ಸಿನವರು, ಚುರುಕು. ಸದರಿ ತಿಮ್ಮರಾಯಪ್ಪನನ್ನು ಆತನ ವಾಸದ ಮನೆಗೆ ತಲುಪಿಸಿ, ಮನೆ ತಲುಪಿದ ಬಗ್ಗೆ ಆತನ ಹೆಬ್ಬೆಟ್ಟಿನ ಗುರುತು ಪಡೆದು ವರದಿ ಮಾಡತಕ್ಕದ್ದು ಎಂದು ಅದರಲ್ಲಿತ್ತು.

"ಹೋಗಿ ಬೇಗ ಮುಗಿಸ್ಕೊಂಡ್ ಬನ್ನಿ ದಫೇದಾರ್ರೇ, ತುಂಬಾ ಹಳೇ ಫೈಲು," ಎಂದರು.

"ಸಾರ್, ಅಲ್ಲಿ ಮನೆ ಇಲ್ಲ."

"ಆರ್ಡರಲ್ಲಿ ಇದೆಯಲ್ಲ," ಎಂದರು.

ಗಂಡ ಹೆಂಡತಿ ಇಬ್ಬರನ್ನೂ ಕರೆದುಕೊಂಡು ಹೋದೆ. ಬಿಸಿಲು ಚುರುಗುಟ್ಟುತ್ತಿತ್ತು. ತೋಟವಿದ್ದ ಜಾಗದಲ್ಲಿ ನೆಲವನ್ನು ಸಪಾಟು ಮಾಡಿ, ಸುಣ್ಣ ಬಳಿದ ಸೈಟುಗಲ್ಲುಗಳನ್ನು ಸಾಲಾಗಿ ನೆಟ್ಟಿದ್ದರು. ಬಾವಿಯನ್ನು ಮನೆಯ ಗೋಡೆಯ ಮಣ್ಣಿನಿಂದಲೇ ಮುಚ್ಚಿದ್ದರು. ಮಣ್ಣಿನಲ್ಲಿ ಹೆಂಚಿನ ಚೂರುಗಳು ಕಾಣುತ್ತಿದ್ದವು. ಮುನಿಯಮ್ಮ ಗಂಟನ್ನು ಇಳಿಸದೆ ತಲೆಯ ಮೇಲೆ ಹೊತ್ತುಕೊಂಡೇ ನಿಂತಳು. ತಿಮ್ಮರಾಯಪ್ಪ ಆ ಕಡೆ ಈ ಕಡೆ ಹೆಜ್ಜೆ ಹಾಕಿ ನೋಡಿ ಒಂದು ಕಡೆ ನಿಂತ. ಅದು ಸರಿಯಾದ ಜಾಗವೋ ಅಲ್ಲವೋ ಅವನಿಗೂ ಗೊತ್ತಾದಂತೆ ಕಾಣಲಿಲ್ಲ.

ನಾನು ಕಾಗದ ತೆಗೆದೆ, ಶಾಯಿಯ ಡಬ್ಬಿ ತೆರೆದೆ. ನನಗೆ ಬೇರೇನು ಮಾಡಬೇಕೆಂದು ತೋಚಲಿಲ್ಲ.

"ಇದ್ರಾಗೆ ಏನ್ ಬರ್ದೈತೆ ಸ್ವಾಮಿ?" ಎಂದ.

"ನಿನ್ನ ಮನೆಗೆ ತಂದು ಬಿಟ್ಟೆ ಅಂತ."

ಅವನು ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡು ಸಿದ್ಧ ಮಾಡಿಕೊಂಡ. "ಒತ್ತೀನಿ ಸ್ವಾಮಿ, ಇಲ್ಲ ಅನ್ನಕಿಲ್ಲ. ಮನೆ ತೋರ್ಸಿ. ಹೊಸ್ಲೊಂದು ತೋರಿಸಿದ್ರೂ ಸಾಕು, ದಾಟಿ ಒಳೀಕ್ ಹೋಗಿ ಒತ್ ಕೊಡ್ತೀನಿ."

ನಾನು ಡಬ್ಬಿ ಮುಚ್ಚಿದೆ. ಠಾಣೆಗೆ ಬಂದು ಕಾಗದವನ್ನು ಇನ್‌ಸ್ಪೆಕ್ಟರ ಮೇಜಿನ ಮೇಲಿಟ್ಟೆ. ಅವರು ತಿರುಗಿಸಿ ನೋಡಿದರು.

"ಹೆಬ್ಬೆಟ್ಟು ಎಲ್ರೀ?"

"ಇಲ್ಲ ಸಾರ್."

"ಮತ್ತೆ ಅವನನ್ನ ಎಲ್ಲಿ ಬಿಟ್ಟು ಬಂದ್ರಿ?"

"ಎಲ್ಲೂ ಬಿಟ್ಟಿಲ್ಲ ಸಾರ್," ಎಂದೆ. "ಅವನು ಇನ್ನೂ ಅಲ್ಲೇ ನಿಂತಿದಾನೆ."